ವಿಶ್ವೇಶ್ವರಯ್ಯನವರ ನೀರಿನ ಲೆಕ್ಕ

ಸೆಪ್ಟೆಂಬರ್ 15ರಂದು ನಮ್ಮ ಕಾಲೇಜಿನಲ್ಲಿ ಇಂಜಿನಿಯರುಗಳ ದಿನ ಆಚರಿಸಿದಾಗ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡುವ ಪಾಳಿ ನನಗೆ ಬಂತು. ವಿಜ್ಞಾನ ವಿಭಾಗದವರು ನಕ್ಕರು. ಇಂಜಿನಿಯರ್ ಬಗ್ಗೆ ಕಾಮರ್ಸಿನ ಹುಡುಗಿ ಏನು ಹೇಳಿಯಾಳು ಎಂದು ಅವರ ಲೆಕ್ಕ. ನನಗೂ ಮೊದಲು ಹಾಗೇ ಅನಿಸಿತ್ತು. ಗ್ರಂಥಾಲಯದಿಂದ ಎರಡು ಪುಸ್ತಕ ತಂದು ಓದಲು ಕುಳಿತ ಮೇಲೆ, ಈ ಮನುಷ್ಯ ಅರ್ಧ ಇಂಜಿನಿಯರ್ ಆಗಿದ್ದರೆ ಇನ್ನರ್ಧ ನಮ್ಮವರೇ, ಅಂದರೆ ಜಮಾಖರ್ಚು ಬರೆಯುವವರು ಎಂದು ಗೊತ್ತಾಯಿತು.

ಭಾಷಣಕ್ಕೆ ಐದು ನಿಮಿಷ ಕೊಟ್ಟಿದ್ದರು. ಹಿಂದಿನ ರಾತ್ರಿ ಹೊನ್ನಾವರದಲ್ಲಿರುವ ನನ್ನ ಫುಪ್ಪುಗೆ, ಅಂದರೆ ಅಬ್ಬಾನ ಅಕ್ಕನಿಗೆ, ಫೋನಿನಲ್ಲಿ ಅದನ್ನು ಓದಿ ತೋರಿಸಿದೆ. ಅವರು ಪೂರ್ತಿ ಕೇಳಿ, ಚೆನ್ನಾಗಿದೆ ಎಂದು ಹೇಳಿ, ಆಮೇಲೆ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ನಿಮಿಷದ ಭಾಷಣದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ನಮ್ಮ ಕನ್ನಡ ಉಪನ್ಯಾಸಕರು ಭಾಷಣವನ್ನು ವಾರ್ತಾಪತ್ರಕ್ಕೆ ಬರೆದು ಕೊಡು ಎಂದಾಗ, ಈ ಸಲ ಆ ಪ್ರಶ್ನೆಯನ್ನೂ ಸೇರಿಸಿಯೇ ಬರೆಯುವುದೆಂದು ಕುಳಿತಿದ್ದೇನೆ.

ನಮ್ಮೂರು ಸೂಡಿ. ಗಜೇಂದ್ರಗಡದಿಂದ ಬಸ್ಸಿಗೆ ಬರುವವರಿಗೆ ನನ್ನ ಊರು ಗೊತ್ತು. ಉಳಿದವರಿಗೆ ಹೇಳಬೇಕೆಂದರೆ, ಜೋಡುಕಳಸದ ಗುಡಿಯೂ ನಾಗಕುಂಡವೂ ಇರುವ ಊರು. ಸುಮಾರು ಸಾವಿರ ವರ್ಷದ ಹಿಂದೆ ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಾಗ ನಮ್ಮೂರು ದೊಡ್ಡ ಪಟ್ಟಣವಾಗಿತ್ತು. ಆ ಕಾಲದ ನಾಗಕುಂಡದ ಕಲ್ಲಿನ ಮೆಟ್ಟಿಲುಗಳನ್ನು ನೋಡಲು ಈಗಲೂ ದೂರದಿಂದ ಜನ ಬರುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಓಣಿಯವರಿಗೆ ಮಾತ್ರ ನೀರೆಂದರೆ ನಳ. ನಳ ಯಾವತ್ತು ಬರುತ್ತದೆ ಎಂಬುದು ಅಮ್ಮಿಯ ಬಾಯಲ್ಲಿ ಲೆಕ್ಕ ಇರುತ್ತದೆ. ನಮ್ಮದು ನಾಲ್ಕು ಎಕರೆ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಇಲ್ಲವೇ ಬಿಳಿಜೋಳ. ಮಳೆ ಕೈಕೊಟ್ಟ ವರ್ಷ ಹೊಲದ ಖರ್ಚು ಮಾತ್ರ ಬರೆದಿಡುತ್ತೇವೆ, ಜಮಾ ಬದಿ ಖಾಲಿ. ಇಂಥ ಮನೆಯಲ್ಲಿ ಹುಟ್ಟಿದವರಿಗೆ ನೀರಿನ ಲೆಕ್ಕ ಬರೆದವರ ಕಥೆ ಬೇಗ ಮನಸ್ಸಿಗೆ ಹಿಡಿಸುತ್ತದೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದಿರುವ ಮೋಕ್ಷಗುಂಡಂ ಎಂಬುದು ಆಂಧ್ರದಲ್ಲಿರುವ ಅವರ ಹಿರಿಯರ ಊರು.  ಮುದ್ದೇನಹಳ್ಳಿ ಇರುವುದು ನಂದಿಬೆಟ್ಟದ ಬುಡದಲ್ಲಿ. ಅಲ್ಲಿ ನೀರೆಂದರೆ ಕೆರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮಗ ಇನ್ನೂ ಓದುತ್ತಿರುವಾಗಲೇ ತೀರಿಕೊಂಡರು. ಆಮೇಲೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಜೊತೆಗೆ ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ ಬಂದ ದುಡ್ಡು. ಹೀಗೆ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಎರಡು ಮೇಣದಬತ್ತಿಯ ಕಥೆ, ರೈಲಿನ ಹಳಿಯ ಕಥೆ ಎಲ್ಲರೂ ಪ್ರಾಥಮಿಕ ಶಾಲೆಯಲ್ಲೇ ಕೇಳಿದ್ದೀರಿ. ಅವನ್ನು ಬಿಟ್ಟು ಮುಂದೆ ಹೋಗುತ್ತೇನೆ.

1884ರಲ್ಲಿ ಅವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಆಗ ನಮ್ಮ ರೋಣ ತಾಲೂಕು, ಧಾರವಾಡ ಜಿಲ್ಲೆ ಎಲ್ಲ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ಹಾಗೆ ನೋಡಿದರೆ ಮೈಸೂರಿನವರಿಗಿಂತ ಮೊದಲು ಅವರು ನಮ್ಮ ಸರ್ಕಾರದ ಇಂಜಿನಿಯರ್! ಮುಂದೆ ಧಾರವಾಡ ಮತ್ತು ಬಿಜಾಪುರದ ಕುಡಿಯುವ ನೀರಿನ ಯೋಜನೆಗಳಲ್ಲೂ ಅವರ ಕೈ ಇತ್ತು. ಮೊದಲು ಕೆಲಸ ಮಾಡಿದ್ದು ನಾಸಿಕ, ಖಾನದೇಶದ ಕಡೆ. ಅಲ್ಲಿ ಪಾಂಜರಾ ನದಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಲುವೆ ನೀರನ್ನು ಕೊಳವೆಯಲ್ಲಿ ದಾಟಿಸುವ ಕೆಲಸ ಅವರ ಪಾಲಿಗೆ ಬಂತು. ಮಳೆಗಾಲ, ನದಿಗೆ ಮೇಲಿಂದ ಮೇಲೆ ಪ್ರವಾಹ. ಹೊಸ ನೌಕರ, ಇಪ್ಪತ್ತಮೂರು ವರ್ಷ. ಕೆಲಸವನ್ನು ಮುಗಿಸಿಯೇ ಹೊರಟರು.

ಹತ್ತು ವರ್ಷದ ನಂತರ, 1894ರ ಹೊತ್ತಿಗೆ, ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕಳಿಸಿದರು. ಇದು ಈಗ ಪಾಕಿಸ್ತಾನದಲ್ಲಿದೆ, ಆಗ ಇದೂ ಮುಂಬಯಿ ಪ್ರಾಂತ್ಯದ್ದೇ. ಸಿಂಧೂ ನದಿ ಊರಿನ ಮಗ್ಗುಲಲ್ಲೇ ಹರಿಯುತ್ತದೆ, ಆದರೆ ನೀರು ಕೆಸರು. ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಹತ್ತಿರ ಹಣ ಇಲ್ಲ. ವಿಶ್ವೇಶ್ವರಯ್ಯನವರು ನದಿಯ ಮರಳನ್ನೇ ಸೋಸುವ ಜರಡಿ ಮಾಡಿಕೊಂಡರು. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಪದರದಿಂದ ಇಳಿದು ಬರುವ ತಿಳಿನೀರನ್ನು ಮೇಲೆತ್ತಿಸಿದರು. ಕಡಿಮೆ ಖರ್ಚು, ಶುದ್ಧ ನೀರು. ಸಕ್ಕರ್ ಎಂಬ ಹೆಸರನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ. ನನ್ನ ದಾದಿಗೆ ಈ ಊರಿನ ಹೆಸರು ಹೇಳಿದಾಗ ಅವರಿಗೆ ಇಂಜಿನಿಯರು ಗೊತ್ತಿರಲಿಲ್ಲ. ಆದರೆ ನೀರಿನ ದಾರಿ ಕಾಯುವ ಖ್ವಾಜಾ ಖಿಜ್ರ್ ಗೊತ್ತಿತ್ತು. ಅಲ್ಲಿ ನದಿಯ ನಡುವಿನ ನಡುಗಡ್ಡೆಯಲ್ಲಿ ಅವರ ಹೆಸರಿನ ಸ್ಥಳವಿದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಇದು ಪುಣೆ ಜಿಲ್ಲೆಯ ನೀರಾ ಕಾಲುವೆಯ ಕಥೆ. ಕಾಲುವೆಯ ತಲೆಯ ಕಡೆ ಹೊಲ ಇದ್ದವರು ಬೇಕಾದಷ್ಟು ನೀರು ಹರಿಸಿಕೊಂಡು ಕಬ್ಬು ಬೆಳೆಯುತ್ತಿದ್ದರು. ನೀರು ಹೆಚ್ಚಾಗಿ ಅವರ ಭೂಮಿ ಜವುಗಾಗುತ್ತಿತ್ತು, ಸೊಳ್ಳೆ ಜ್ವರ ಬೇರೆ. ಕಾಲುವೆಯ ಕೊನೆಯ ಹಳ್ಳಿಗೆ ನೀರೇ ಮುಟ್ಟುತ್ತಿರಲಿಲ್ಲ. ಒಂದೇ ಕಾಲುವೆಯಲ್ಲಿ ಒಬ್ಬರಿಗೆ ಅಜೀರ್ಣ, ಇನ್ನೊಬ್ಬರಿಗೆ ಉಪವಾಸ. ಬೇರೆಯವರಾಗಿದ್ದರೆ ಇನ್ನೊಂದು ಅಣೆಕಟ್ಟು ಕೇಳುತ್ತಿದ್ದರು. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಅಲ್ಲಿ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು ಲೆಕ್ಕದ ಪುಸ್ತಕ ತೆಗೆದರು.

ಅವರ ಯೋಜನೆಯ ಹೆಸರು ಬ್ಲಾಕ್ ಪದ್ಧತಿ. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸುವುದು. ಒಂದು ಬ್ಲಾಕಿನಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬಿನಂಥ ಹೆಚ್ಚು ನೀರಿನ ಬೆಳೆ. ಉಳಿದ ಭಾಗಕ್ಕೆ ಕಡಿಮೆ ನೀರು ಸಾಕಾಗುವ ಬೆಳೆ. ವರ್ಷದಿಂದ ವರ್ಷಕ್ಕೆ ಸರದಿ ಬದಲಾಗಬೇಕು. ಹೀಗೆ ಉಳಿದ ನೀರನ್ನು ಮುಂದಿನ ಹಳ್ಳಿಗಳಿಗೆ ಹಂಚುವುದು. ರೈತನ ಜೊತೆ ಹಲವು ವರ್ಷಗಳ ಕರಾರು, ಆದ್ದರಿಂದ ತನಗೆ ಎಷ್ಟು ನೀರು ಖಾತ್ರಿ ಎಂದು ಅವನಿಗೂ ಮೊದಲೇ ಗೊತ್ತು. ಮೊದಮೊದಲು ಕಾಲುವೆಯ ತಲೆಯ ಕಡೆಯವರು ವಿರೋಧಿಸಿದರು. ಸಿಗುತ್ತಿದ್ದದ್ದು ಕಡಿಮೆಯಾದರೆ ಯಾರು ಸುಮ್ಮನಿರುತ್ತಾರೆ? ಇವರು ರೈತರ ಜೊತೆ ಕುಳಿತು ಮಾತಾಡಿ ತಿಳಿಸಿ ಹೇಳಿದರು. ನಮ್ಮ ಲೆಕ್ಕಶಾಸ್ತ್ರದ ಸರ್ ಬಜೆಟ್ ಎಂದರೆ ಹಣ ಹೆಚ್ಚಿಸುವುದಲ್ಲ, ಇರುವ ಹಣಕ್ಕೆ ಮೊದಲೇ ಹೆಸರು ಬರೆದಿಡುವುದು ಎಂದು ಪಾಠ ಮಾಡಿದಾಗ ನನಗೆ ನೀರಾ ಕಾಲುವೆಯೇ ನೆನಪಾಯಿತು. ಒಂದು ಹನಿ ಹೊಸ ನೀರಿಲ್ಲದೆ ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟಿಸಿದ್ದು ನನ್ನ ಪ್ರಕಾರ ಕನ್ನಂಬಾಡಿಗಿಂತ ದೊಡ್ಡ ಕೆಲಸ. ಆದರೆ ಹಂಚಿಕೆಯ ಪಟ್ಟಿಯ ಮುಂದೆ ನಿಂತು ಯಾರೂ ಸೆಲ್ಫಿ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಅದು ಪ್ರಸಿದ್ಧವಾಗಲಿಲ್ಲ.

ಪುಣೆಯ ಖಡಕವಾಸ್ಲಾ ಅಣೆಕಟ್ಟಿನ ಗೇಟುಗಳು ಪ್ರಸಿದ್ಧವಾದವು. ಅಲ್ಲಿ ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸುವ ಬದಲು ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನಾಗಿಯೇ ತೆರೆಯಬೇಕು, ಇಳಿದರೆ ತಾನಾಗಿಯೇ ಮುಚ್ಚಬೇಕು. ರಾತ್ರಿ ಪ್ರವಾಹ ಬಂದರೆ ಕಾವಲುಗಾರನನ್ನು ಎಬ್ಬಿಸುವ ಕೆಲಸವಿಲ್ಲ. 1903ರಲ್ಲಿ ಇದು ಸಿದ್ಧವಾಯಿತು. ಜಲಾಶಯದ ಮಟ್ಟ ಸುಮಾರು 8 ಅಡಿ ಹೆಚ್ಚಾಯಿತು. ಮುಂದೆ ಗ್ವಾಲಿಯರಿನಲ್ಲೂ ಕನ್ನಂಬಾಡಿಯಲ್ಲೂ ಇದೇ ಬಗೆಯ ಗೇಟುಗಳು ಬಂದವು. ತಮ್ಮ ಈ ಆವಿಷ್ಕಾರಕ್ಕೆ ಬರಬೇಕಾಗಿದ್ದ ಗೌರವಧನವನ್ನು ಅವರು ತೆಗೆದುಕೊಳ್ಳಲಿಲ್ಲ. ಸರ್ಕಾರದ ಸಂಬಳ ಪಡೆದು ಮಾಡಿದ ಕೆಲಸಕ್ಕೆ ಬೇರೆ ಹಣ ಯಾಕೆ ಎಂಬುದು ಅವರ ವಿಚಾರ. 1906ರಲ್ಲಿ ಏಡನ್ ಬಂದರಿಗೂ ಹೋಗಿ ಅಲ್ಲಿಯ ನೀರು ಮತ್ತು ಒಳಚರಂಡಿಗೆ ಯೋಜನೆ ಮಾಡಿಕೊಟ್ಟರು.

ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಅವರು ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದಿನಲ್ಲಿ ದೊಡ್ಡ ಅನಾಹುತವಾಯಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರೊಳಗೆ ಬಂತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಆಸ್ಪತ್ರೆಯ ಅಂಗಳದ ಹುಣಸೆಮರ ಹತ್ತಿ ನೂರೈವತ್ತು ಜನ ಬದುಕಿದರೆಂದು ಅಲ್ಲಿಯವರು ಈಗಲೂ ಹೇಳುತ್ತಾರೆ, ಆ ಮರವೂ ಇದೆ. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರಲ್ಲಿ ಅವರು ಅಲ್ಲಿಗೆ ಹೋದರು.

ನದಿ ಊರಿಗೆ ನುಗ್ಗಿದೆ, ಆದ್ದರಿಂದ ಊರಿನ ದಂಡೆಗೆ ಎತ್ತರದ ಗೋಡೆ ಕಟ್ಟಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅವರು ಊರನ್ನು ಬಿಟ್ಟು ಮೇಲಕ್ಕೆ ಹೋದರು. ನದಿಗೆ ನೀರು ಎಲ್ಲಿಂದ ಬರುತ್ತದೋ ಆ ಇಡೀ ಜಲಾನಯನ ಪ್ರದೇಶವನ್ನು ಅಳೆಸಿದರು, ಮಳೆಯ ದಾಖಲೆ ಕೂಡಿಸಿದರು, ಕೆರೆಗಳನ್ನು ಎಣಿಸಿದರು. ಮೂಸಿಯ ಮೇಲಿನ ಪ್ರದೇಶದಲ್ಲಿ 788 ಕೆರೆಗಳಿದ್ದವು, ಆ ಪ್ರವಾಹದಲ್ಲಿ 221 ಒಡೆದಿದ್ದವು. ಒಂದು ಕೆರೆ ಒಡೆದು ಅದರ ನೀರು ಕೆಳಗಿನ ಕೆರೆ ಒಡೆದು, ಹೀಗೆ ಸೇರಿ ಸೇರಿ ಊರಿಗೆ ಬಂದಿತ್ತು. ನಾನು ಇದನ್ನು ಓದಿದಾಗ ನನ್ನ ತಲೆಯಲ್ಲಿ ನದಿ ಎಂಬುದರ ಚಿತ್ರವೇ ಬದಲಾಯಿತು. ಅಲ್ಲಿಯವರೆಗೆ ನದಿ ಎಂದರೆ ನಕಾಶೆಯ ಮೇಲಿನ ನೀಲಿ ಗೆರೆ ಎಂದುಕೊಂಡಿದ್ದೆ. ಹಾಗಲ್ಲ, ಸೂಡಿಯ ನಮ್ಮ ಹೊಲದ ಬದುವಿನಿಂದ ಹರಿದ ಮಳೆಯೂ ಹಳ್ಳ ಹಿಡಿದು ಕೊನೆಗೆ ಕೃಷ್ಣೆಯನ್ನೇ ಸೇರುತ್ತದೆ. ಅಂದರೆ ನಮ್ಮ ಹೊಲವೂ ಕೃಷ್ಣಾ ನದಿಯ ಭಾಗವೇ.

ವಿಶ್ವೇಶ್ವರಯ್ಯನವರ ಸಲಹೆಯಂತೆ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹಕ್ಕೆ ತಡೆಯೂ ಆಯಿತು, ಹೈದರಾಬಾದಿಗೆ ಎಷ್ಟೋ ವರ್ಷ ಕುಡಿಯುವ ನೀರೂ ಆಯಿತು.

1909ರ ಕೊನೆಗೆ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಮುಂದಿನದು ನಿಮಗೆಲ್ಲ ಗೊತ್ತಿರುವ ಕನ್ನಂಬಾಡಿ. ಅದರ ಹಿಂದೆ ಇದ್ದ ಲೆಕ್ಕ ಮಾತ್ರ ಅಷ್ಟು ಗೊತ್ತಿಲ್ಲ. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ವಿದ್ಯುತ್ತೂ ಕಡಿಮೆ, ಹಣವೂ ಕಡಿಮೆ. ಅಣೆಕಟ್ಟು ಕಟ್ಟಿದರೆ ವರ್ಷವಿಡೀ ವಿದ್ಯುತ್, ಜೊತೆಗೆ ಮಂಡ್ಯದ ಕಡೆ ನೀರಾವರಿ. ಇಷ್ಟು ದೊಡ್ಡ ಖರ್ಚು ಯಾಕೆ ಎಂದು ಹಣಕಾಸಿನವರು ಹಿಂಜರಿದರು. ಯುವಕ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು, 1911ರಲ್ಲಿ ಕೆಲಸ ಶುರುವಾಯಿತು. ಕೆಳಗಿನ ಮದ್ರಾಸ್ ಸರ್ಕಾರ ಒಪ್ಪಲಿಲ್ಲ. ಕಡಿಮೆ ಎತ್ತರಕ್ಕೆ ಮಾತ್ರ ಅನುಮತಿ ಸಿಕ್ಕಾಗಲೂ ವಿಶ್ವೇಶ್ವರಯ್ಯನವರು ಪಾಯವನ್ನು ಪೂರ್ತಿ ಎತ್ತರದ ಅಣೆಕಟ್ಟಿಗೆ ಬೇಕಾದಷ್ಟು ಅಗಲವಾಗಿಯೇ ಹಾಕಿಸಿದರು. ಒಂದು ದಿನ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ! ಸಿಕ್ಕಿದ್ದು 1924ರ ಒಪ್ಪಂದದಲ್ಲಿ. ಆ ಒಪ್ಪಂದದ ಜಗಳ ನಮ್ಮ ಕಾಲದವರೆಗೂ ಬಂದಿದೆ. ಸಿಮೆಂಟು ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದರು. ಹಳೆಯ ಕನ್ನಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿ ಗುಡಿ ನೀರಿನಡಿ ಹೋದವು.

ಹೋದ ವರ್ಷ ಕಾಲೇಜಿನ ಪ್ರವಾಸದಲ್ಲಿ ಅಲ್ಲಿಗೆ ಹೋಗಿದ್ದೆವು. ಗೆಳತಿಯರೆಲ್ಲ ಬೃಂದಾವನದ ಕಾರಂಜಿಗೆ ಓಡಿದರು. ನಾನು ಹುಡುಕಿದ್ದು ಒಂದು ಕಲ್ಲನ್ನು. ಅಣೆಕಟ್ಟಿನ ಕೆಲಸ ನಡೆಯುವಾಗ ನೆಲದಲ್ಲಿ ಸಿಕ್ಕ ಪರ್ಷಿಯನ್ ಶಾಸನ ಅದು. 18ನೇ ಶತಮಾನದ ಕೊನೆಯ ದಶಕದಲ್ಲಿ ಟಿಪ್ಪು ಸುಲ್ತಾನ್ ಇದೇ ಜಾಗದಲ್ಲಿ ಕಾವೇರಿಗೆ ಅಡ್ಡಗಟ್ಟೆ ಕಟ್ಟಲು ಅಡಿಗಲ್ಲು ಹಾಕಿದ್ದನ್ನು ಅದು ಹೇಳುತ್ತದೆ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿಯ ಮಾತೂ ಅದರಲ್ಲಿದೆ. ಅಕ್ಷರ ನಮ್ಮ ಮನೆಯ ಉರ್ದು ಪುಸ್ತಕದ್ದೇ, ಆದರೆ ಭಾಷೆ ಪರ್ಷಿಯನ್. ಹೀಗಾಗಿ ಅಲ್ಲೊಂದು ಇಲ್ಲೊಂದು ಶಬ್ದ ಮಾತ್ರ ಗುರುತು ಸಿಕ್ಕಿತು. ಕಲ್ಲನ್ನು ಒಡೆದು ಗೋಡೆಗೆ ಹಾಕದೆ ಅಲ್ಲೇ ಜನರಿಗೆ ಕಾಣುವಂತೆ ನಿಲ್ಲಿಸಿ, ಪಕ್ಕದಲ್ಲಿ ಅನುವಾದವನ್ನೂ ಹಾಕಿದ್ದಾರೆ. ಕಲ್ಲಿನ ಮುಂದೆ ನಾನು ಬಸ್ಸಿನ ಹಾರ್ನ್ ಕೇಳುವವರೆಗೂ ನಿಂತಿದ್ದೆ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ಕಾಮರ್ಸಿನವರು ಗಮನಿಸಬೇಕಾದ ವರ್ಷಗಳು ಇವು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಾಣಿಜ್ಯ ಮಂಡಳಿ, ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ. ಅದಕ್ಕೂ ಮೊದಲು, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು. ಆದರೆ ದಿವಾನಗಿರಿ ಮುಗಿದ ಕಾರಣವನ್ನೂ ಹೇಳಬೇಕು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರಲ್ಲದವರಿಗೆ, ಅದರಲ್ಲಿ ಮುಸ್ಲಿಮರೂ ಸೇರಿ, ಹೆಚ್ಚು ಪಾಲು ಸಿಗಬೇಕೆಂದು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಸರಿಬರಲಿಲ್ಲ. ಅರ್ಹತೆ ಒಂದನ್ನೇ ನೋಡಬೇಕೆಂಬುದು ಅವರ ಪಟ್ಟು. ಹುದ್ದೆ ಬಿಟ್ಟರು. ನೀರಾ ಕಾಲುವೆಯ ತಲೆಯ ಕಡೆ ಇದ್ದವರಿಗೆ ಸ್ವಲ್ಪ ಕಡಿಮೆ ಮಾಡಿ ಕೊನೆಯ ಹಳ್ಳಿಗೆ ಮುಟ್ಟಿಸಿದವರೇ ಇಲ್ಲಿ ಹಾಗೆ ಯೋಚಿಸಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಭಾಷಣದಲ್ಲಿ ಇದನ್ನು ಹೇಳುವ ಧೈರ್ಯ ಬರಲಿಲ್ಲ, ಬರೆಯುವಾಗ ಬಂತು.

ಆಮೇಲೂ ಅವರು ನಲವತ್ತು ವರ್ಷಕ್ಕಿಂತ ಹೆಚ್ಚು ಬದುಕಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನೋಡಿಕೊಂಡರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು, ಅದು ನಮ್ಮ ಅರ್ಥಶಾಸ್ತ್ರದ ಪಾಠದಲ್ಲೂ ಬರುತ್ತದೆ. 1937ರಲ್ಲಿ ಒರಿಸ್ಸಾದ ಪ್ರವಾಹದ ಬಗ್ಗೆ ವರದಿ ಮಾಡಿಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ಮುದ್ದೇನಹಳ್ಳಿಯಲ್ಲೇ ಅಂತ್ಯಕ್ರಿಯೆಯಾಯಿತು.

ಜೋಗ ಜಲಪಾತ ನೋಡಿದಾಗ ಎಲ್ಲರೂ ಸೌಂದರ್ಯಕ್ಕೆ ಬೆರಗಾದರೆ ಅವರು ಇಷ್ಟೊಂದು ಶಕ್ತಿ ವ್ಯರ್ಥವಾಗುತ್ತಿದೆಯಲ್ಲ ಎಂದು ಮರುಗಿದರೆಂಬ ಕಥೆ ಜನರ ಬಾಯಲ್ಲಿದೆ. ನನ್ನ ಭಾಷಣದ ಕೊನೆಗೆ ಈ ಕಥೆಯನ್ನೇ ಇಟ್ಟಿದ್ದೆ, ಚಪ್ಪಾಳೆ ಬರುತ್ತದೆ ಎಂದು. ಫುಪ್ಪು ತಡೆದದ್ದು ಇಲ್ಲೇ. ಜೋಗದಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಸಮುದ್ರಕ್ಕೆ ಎಂದೆ. ಸಮುದ್ರಕ್ಕೆ ಹೋದದ್ದು ವ್ಯರ್ಥ ಎಂದು ಯಾರು ಬರೆದರು, ನಾವು ತಿನ್ನುವುದು ಎಲ್ಲಿಂದ ಎಂದರು.

ಅವರ ಮನೆ ಶರಾವತಿ ಸಮುದ್ರ ಸೇರುವ ಜಾಗದ ಹತ್ತಿರ. ಸೂಡಿಯಿಂದ ಮದುವೆಯಾಗಿ ಹೋದಾಗ ಮೀನು ಸ್ವಚ್ಛ ಮಾಡಲೂ ಬರುತ್ತಿರಲಿಲ್ಲವಂತೆ, ಈಗ ಫುಪ್ಪಾನ ಮೀನಿನ ವ್ಯಾಪಾರದ ಲೆಕ್ಕವೆಲ್ಲ ಅವರದೇ. ಅಲ್ಲಿ ನದಿಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಕೂಡುವ ಅಳಿವೆಯಲ್ಲಿ ಬಳಚು ಎಂಬ ಚಿಪ್ಪಿನ ಜೀವಿ ಬೆಳೆಯುತ್ತದೆ. ನೀರು ಇಳಿದಾಗ ಹೆಂಗಸರು, ಗಂಡಸರು ಕೆಸರಿನಲ್ಲಿ ಹೆಕ್ಕಿ ತರುತ್ತಾರೆ. ಬಳಚು ಬದುಕಲು ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪು, ಎರಡೂ ತಮ್ಮ ತಮ್ಮ ಕಾಲಕ್ಕೆ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಮುಂದೆ ಗೇರುಸೊಪ್ಪೆಯಲ್ಲೂ ಆಯಿತು. ವಿದ್ಯುತ್ತಿಗಾಗಿ ವರ್ಷವಿಡೀ ನೀರು ಬಿಡುವುದರಿಂದ ಬೇಸಿಗೆಯಲ್ಲೂ ಅಳಿವೆಯ ಉಪ್ಪು ಇಳಿಯಿತು, ಬಳಚು ಬಹಳ ಕಡಿಮೆಯಾಯಿತು. ಅಂದರೆ ತೊಂದರೆ ಆದದ್ದು ನೀರು ಬಾರದೆ ಅಲ್ಲ, ತಪ್ಪು ಕಾಲಕ್ಕೆ ಬಂದು. ಉತ್ತರಕ್ಕೆ ಕುಮಟಾದ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ತದಡಿ, ಮಿರ್ಜಾನದ ಕಡೆ ಸಾವಿರಾರು ಜನ ಬಳಚಿನಿಂದಲೇ ಬದುಕುತ್ತಾರೆ. ಫುಪ್ಪುವಿನ ಊರಿನವರು ಈಗ ಅಲ್ಲಿಂದ ತರಿಸಿ ತಿನ್ನುತ್ತಾರೆ.

ಲಿಂಗನಮಕ್ಕಿಯನ್ನು ವಿಶ್ವೇಶ್ವರಯ್ಯನವರು ಕಟ್ಟಿಸಲಿಲ್ಲ, ಅದು ಅವರು ತೀರಿದ ಮೇಲೆ ಮುಗಿದದ್ದು. ಅದನ್ನು ಅವರ ಖಾತೆಗೆ ಬರೆಯುವುದು ಅನ್ಯಾಯ. ಆದರೆ ನದಿಯ ಲೆಕ್ಕ ಬರೆಯುವ ಅವರ ಪುಸ್ತಕದಲ್ಲಿ ನೀರಾವರಿಗೆ ಒಂದು ಕಾಲಂ ಇತ್ತು, ವಿದ್ಯುತ್ತಿಗೆ ಇತ್ತು, ಕುಡಿಯುವ ನೀರಿಗೆ ಇತ್ತು, ಪ್ರವಾಹಕ್ಕೂ ಇತ್ತು. ಸಮುದ್ರಕ್ಕೆ ಹೋಗುವ ನೀರು ಮಾತ್ರ ನಷ್ಟ ಎಂಬ ತಲೆಬರಹದಡಿ ಬರುತ್ತಿತ್ತು. ಅವರ ನಂತರದವರು ಅದೇ ಪುಸ್ತಕವನ್ನು ಮುಂದುವರಿಸಿದರು.

ಆಗಿನ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ನಮ್ಮ ಜೀವಶಾಸ್ತ್ರದ ಮೇಡಂ ಹಾಗಲ್ಲ ಎಂದರು. ಮದ್ರಾಸ್ ಸೈನ್ಯದ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ ಎಂಬುವರು ಭಾರತದ ಮೀನುಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿದವರು. ನದಿಗೆ ಅಡ್ಡ ಕಟ್ಟಿದ ಒಡ್ಡುಗಳು ಮೀನು ಮೊಟ್ಟೆಯಿಡಲು ಮೇಲೇರುವುದನ್ನು ತಡೆಯುತ್ತಿವೆ, ಅವಕ್ಕೆ ದಾರಿ ಬಿಡಬೇಕು, ಬಲೆಯ ಕಣ್ಣು ತೀರ ಚಿಕ್ಕದಿರಬಾರದು ಎಂದು ಅವರು 1873ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ವಿಶ್ವೇಶ್ವರಯ್ಯನವರು ಆಗ ಹನ್ನೆರಡು ವರ್ಷದ ಹುಡುಗ. ಅಂದರೆ ಆ ಕಾಲಂ ಹಾಕಲು ಸಲಹೆ ಬಂದಿತ್ತು, ಹಾಕಿದವರು ಕಡಿಮೆ.

ಸಕ್ಕರ್ ನೆನಪಿದೆಯಲ್ಲ? ಸಿಂಧೂ ನದಿಯಲ್ಲಿ ಪಲ್ಲಾ ಎಂಬ ಮೀನು ಸಮುದ್ರದಿಂದ ಮೇಲೇರಿ ಸಕ್ಕರಿನವರೆಗೂ ಬರುತ್ತಿತ್ತು. ಖ್ವಾಜಾ ಖಿಜ್ರರ ಚಿತ್ರದಲ್ಲಿ ಅವರು ಮೀನಿನ ಮೇಲೆ ನಿಂತಿರುವುದನ್ನು ದಾದಿ ನೋಡಿದ್ದಾರೆ. ವಿಶ್ವೇಶ್ವರಯ್ಯನವರು ಅಲ್ಲಿ ಬಾವಿ ತೋಡಿಸಿದಾಗ ನದಿ ತೆರೆದೇ ಇತ್ತು. 1932ರಲ್ಲಿ ಸಕ್ಕರಿನಲ್ಲಿ, 1955ರಲ್ಲಿ ಕೆಳಗೆ ಕೋಟ್ರಿಯಲ್ಲಿ ಬ್ಯಾರೇಜುಗಳಾದವು. ಲಕ್ಷಾಂತರ ಎಕರೆಗೆ ನೀರು ಸಿಕ್ಕಿತು. ಪಲ್ಲಾಗೆ ದಾರಿ ಮುಚ್ಚಿತು. ಮುಖಜ ಭೂಮಿಗೆ ಸಿಹಿನೀರು ಸಾಲದೆ ಸಮುದ್ರ ಒಳಗೆ ಬಂದು ಹೊಲ ಉಪ್ಪಾಯಿತು, ಅಲ್ಲಿಯ ಎಷ್ಟೋ ಮೀನುಗಾರರು, ರೈತರು ಊರು ಬಿಟ್ಟರು.

ಇಷ್ಟು ಬರೆದು ಅಬ್ಬಾಗೆ ತೋರಿಸಿದೆ. ಅವರಿಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಇದೆ. 2015ರಲ್ಲಿ ನರಗುಂದದಲ್ಲಿ ಮಹದಾಯಿಗಾಗಿ ಧರಣಿ ಶುರುವಾದಾಗ ಅಬ್ಬಾ ನಮ್ಮೂರಿನವರ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗಿ ಕುಳಿತು ಬಂದವರು. ಮಲಪ್ರಭೆ ತುಂಬದ ವರ್ಷ ನಮ್ಮ ಕಡೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ ಮತ್ತು ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ, ಅದೂ ಕುಡಿಯುವ ನೀರಿಗೆ. ಗೋವಾದವರು ಇದಕ್ಕೂ ಬೇಡ ಎನ್ನುತ್ತಾರೆ. ನೀರು ಕಡಿಮೆಯಾದರೆ ಉಪ್ಪು ಮೇಲೇರುತ್ತದೆ, ಮೀನಿಗೆ ತೊಂದರೆ ಎಂಬುದೂ ಅವರ ವಾದದಲ್ಲಿದೆ. ನೀನು ಯಾರ ಕಡೆ ಎಂದು ಅಬ್ಬಾ ಕೇಳಿದರು.

ನಾನು ನಮ್ಮ ನಳದ ಕಡೆಯೇ. ಕುಡಿಯುವ ನೀರು ಎಲ್ಲಕ್ಕಿಂತ ಮೊದಲು ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಗೋವಾದ ಮೀನುಗಾರ ಹೇಳುವುದು ಬರೀ ನೆಪ ಎಂದು ಈಗ ನನ್ನಿಂದ ಹೇಳಲು ಆಗುತ್ತಿಲ್ಲ, ಯಾಕೆಂದರೆ ಅದೇ ಮಾತನ್ನು ನಮ್ಮ ಫುಪ್ಪು ಹೊನ್ನಾವರದಿಂದ ಹೇಳುತ್ತಿದ್ದಾರೆ. 3.9ರ ಪಕ್ಕದಲ್ಲಿ ಇನ್ನೊಂದು ಅಂಕಿಯೂ ಬೇಕು. ಯಾವ ತಿಂಗಳು ಎಷ್ಟು ನೀರು ಸಮುದ್ರ ಮುಟ್ಟಲೇಬೇಕು ಎಂಬ ಅಂಕಿ. ಜೊತೆಗೆ ಮಲಪ್ರಭೆಯ ಕಾಲುವೆಗಳಲ್ಲೇ ತಲೆಯ ಕಡೆ ಎಷ್ಟು, ಕೊನೆಯ ಕಡೆ ಎಷ್ಟು ಎಂಬ ನೀರಾ ಕಾಲುವೆಯ ಹಳೆಯ ಲೆಕ್ಕವನ್ನೂ ಇಡಬೇಕು. ಇದನ್ನು ಅಬ್ಬಾಗೆ ಹೇಳಿದೆ. ನರಗುಂದದ ಕಡೆ ಕಾಲುವೆಯ ಕೊನೆಗೆ ನೀರು ಮುಟ್ಟದ ಹೊಲಗಳನ್ನು ಅವರೂ ನೋಡಿದ್ದಾರೆ. ಆ ಮಾತಿಗೆ ತಲೆಯಾಡಿಸಿದರು, ಗೋವಾದ ಮಾತಿಗೆ ಆಡಿಸಲಿಲ್ಲ.

ಫುಪ್ಪು ಈದ್‌ಗೆ ಬರುತ್ತಾರೆ. ಪ್ರತಿ ಸಲದಂತೆ ಒಣಮೀನಿನ ಗಂಟು ತರುತ್ತಾರೆ, ಹೋಗುವಾಗ ನಮ್ಮ ಹೊಲದ ಕಡಲೆ, ಬಿಳಿಜೋಳದ ಹಿಟ್ಟು ಒಯ್ಯುತ್ತಾರೆ. ಅಬ್ಬಾ ಮತ್ತು ಅವರು ಕಟ್ಟೆಯ ಮೇಲೆ ಕುಳಿತಾಗ ಈ ಬರಹವನ್ನು ಇಬ್ಬರ ಮುಂದೆ ಜೋರಾಗಿ ಓದಬೇಕೆಂದಿದ್ದೇನೆ. ಅಮ್ಮಿ ಮಾತ್ರ, ಅವತ್ತು ನಳ ಬರುವ ದಿನ, ಮೊದಲು ಕೊಡ ತುಂಬಿಸು ಎಂದು ಈಗಲೇ ಹೇಳಿಟ್ಟಿದ್ದಾರೆ.